ರೈಟಕ್ಕನ ದೂರು

ಹನ್ನೊಂದನೇ ನಂಬರಿನ ಬಸ್ಸಿನಲ್ಲಿ ಒಂಬತ್ತು ವರ್ಷ ಆಫೀಸಿಗೆ ಓಡಾಡಿದವನು ನಾನು. ಆ ಬಸ್ಸಿನ ಕಂಡಕ್ಟರಮ್ಮನನ್ನು ಪ್ರಯಾಣಿಕರೆಲ್ಲ ರೈಟಕ್ಕ ಎಂದೇ ಕರೆಯುತ್ತಿದ್ದರು. ಅವಳು ಒಂದು ಸ್ಟಾಪಿನಲ್ಲಿ ‘ರೈಟ್’ ಎಂದು ಕೂಗಿದರೆ ಮುಂದಿನ ಸ್ಟಾಪಿನಲ್ಲಿ ನಿಂತವರು ಚೀಲ ಎತ್ತಿಕೊಳ್ಳುತ್ತಾರೆ ಎಂದು ಡ್ರೈವರಣ್ಣ ತಮಾಷೆ ಮಾಡುತ್ತಿದ್ದ. ವಯಸ್ಸು ನಲವತ್ತೊಂದು. ಗಿಡ್ಡ ಆಳು. ಬಸ್ಸು ಎಷ್ಟೇ ಕುಲುಕಿದರೂ ಕಂಬಿ ಹಿಡಿಯುತ್ತಿರಲಿಲ್ಲ. ಬಾಯಿ ಜೋರು, ಮನಸ್ಸು ಬೆಣ್ಣೆ ಅನ್ನುತ್ತಾರಲ್ಲ, ಹಾಗಲ್ಲ ಅವಳು. ಬಾಯಿಯೂ ಜೋರು, ಮನಸ್ಸೂ ಗಟ್ಟಿ. ಬಸುರಿ ಹೆಂಗಸೊಬ್ಬಳು ಹತ್ತಿದರೆ ಸೀಟಿಗಾಗಿ ಯಾರನ್ನೂ ಬೇಡುತ್ತಿರಲಿಲ್ಲ. “ಏಳಪ್ಪಾ, ನಿನ್ನ ಕಾಲು ನಿನ್ನ ಜೊತೆಗೇ ಬರತ್ತೆ” ಎಂದು ಎಬ್ಬಿಸುತ್ತಿದ್ದಳು. ಜಗಳವೇನಾದರೂ ಎದ್ದರೆ ಮುಂದಿನ ಸ್ಟಾಪು ಬರುವುದರೊಳಗೆ ಇತ್ಯರ್ಥ. ಇವತ್ತಿನ ಜಗಳವನ್ನು ನಾಳೆಗೆ ಉಳಿಸಿಕೊಂಡು ಗೊತ್ತೇ ಇರಲಿಲ್ಲ ಅವಳಿಗೆ.

ಅಂಥವಳಿಗೆ ಎರಡು ವರ್ಷವಾದರೂ ಬಗೆಹರಿಯದ ಜಗಳವೊಂದು ಗಂಟುಬಿತ್ತು.

ಅದಕ್ಕೆ ಕಾರಣವಾದದ್ದು ಒಂದು ಒಳ್ಳೆಯ ಕೆಲಸ. ಯಾರೋ ರೋಗಿ ಬಸ್ಸಿನಲ್ಲಿ ಬಿಟ್ಟುಹೋಗಿದ್ದ ಆಸ್ಪತ್ರೆಯ ಕಾಗದಪತ್ರದ ಚೀಲವನ್ನು ರೈಟಕ್ಕ ಅಂದೇ ಹುಡುಕಿಕೊಂಡು ಹೋಗಿ ತಲುಪಿಸಿದ್ದಳು. ಸಾರಿಗೆ ಸಂಸ್ಥೆಯವರು ಅವಳನ್ನು ಕರೆಸಿ, ಕೈಗೆ ಹೂಗುಚ್ಛ ಕೊಟ್ಟು, ಯೂನಿಫಾರ್ಮಿನಲ್ಲಿ ನಿಲ್ಲಿಸಿ ಫೋಟೋ ತೆಗೆದು ತಮ್ಮ ಜಾಲತಾಣದ ಪುಟಕ್ಕೆ ಹಾಕಿದರು. ಅವಳ ಅತ್ತೆ ಆ ಫೋಟೋ ನೋಡಿ, “ಮದುವೆಯಲ್ಲೂ ಇಷ್ಟು ನಕ್ಕಿರಲಿಲ್ಲ ಇವಳು” ಎಂದರಂತೆ. ಅದಾಗಿ ಏಳೆಂಟು ತಿಂಗಳಿಗೆ ಒಂದು ಮಂಗಳವಾರ ಬೆಳಿಗ್ಗೆ, ಮೊದಲ ಟ್ರಿಪ್ಪಿನಲ್ಲಿ, ಅವಳ ಜೇಬಿನ ಫೋನು ಹೊಡೆದುಕೊಂಡಿತು.

“ಹಲೋ, ಫ್ರೀ ಇದ್ದೀರಾ?”

“ಇಲ್ಲಪ್ಪ, ಡ್ಯೂಟಿಯಲ್ಲಿದ್ದೀನಿ. ಯಾರು ಬೇಕಿತ್ತು?”

ಆ ಕಡೆಯವನು ನಕ್ಕ. ರಾಂಗ್ ನಂಬರ್ ಎಂದುಕೊಂಡು ಇಟ್ಟಳು. ಎರಡು ಸ್ಟಾಪು ದಾಟುವುದರೊಳಗೆ ಇನ್ನೊಂದು, ಆಮೇಲೆ ಮತ್ತೊಂದು. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತಕ್ಕೂ ಮೇಲಾಯಿತು. ಕೆಲವರು ನಕ್ಕರು, ಕೆಲವರು ಉಸಿರು ಬಿಟ್ಟರು, ಒಬ್ಬ ಕೇಳಿದ ಪ್ರಶ್ನೆಗೆ ಅವಳ ಕಿವಿಯೇ ಬಿಸಿಯಾಯಿತು. ಬಸ್ಸು ಸೇತುವೆಯ ಮೇಲೆ ಬರುವಾಗ, ದಿನವೂ ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುವ ನರ್ಸಿಂಗ್ ಓದುವ ಹುಡುಗಿ ಹತ್ತಿರ ಬಂದು ಮೆಲ್ಲಗೆ, “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದು ನೀವಾ?” ಎಂದು ತನ್ನ ಫೋನು ತೋರಿಸಿದಳು.

ಅದೇ ಫೋಟೋ. ಯೂನಿಫಾರ್ಮು, ನಗು ಎಲ್ಲವೂ ಅವಳದೇ. ಹೂಗುಚ್ಛವನ್ನು ಮಾತ್ರ ಕತ್ತರಿಸಿ ತೆಗೆದಿದ್ದರು. ಪುಟದ ಮೇಲೆ ಅವಳ ಹೆಸರು, ಅವಳ ಫೋನ್ ನಂಬರು. ಕೆಳಗೆ, ‘ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿದೆ, ಜೊತೆ ಬೇಕು, ಯಾವಾಗಲಾದರೂ ಫೋನ್ ಮಾಡಿ.’ ಅದರ ಕೆಳಗೆ ಕಂಡಕಂಡವರು ಬರೆದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಸೇತುವೆ ದಾಟಿದ ಮೇಲಿನ ಸ್ಟಾಪಿನಲ್ಲಿ, ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ, ಅವಳು ರೈಟ್ ಹೇಳುವುದನ್ನು ಮರೆತಳು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, “ಏನಮ್ಮಾ, ಹೊರಡೋಣ್ವಾ?” ಎಂದು ಕೇಳಿದ.

ಮನೆಯಲ್ಲಿ ಹೇಳಿದಾಗ ಅವಳ ಗಂಡ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಅವನದು; ಮಾತೂ ತಂತಿಯಷ್ಟೇ ತೆಳ್ಳಗೆ. “ನಂಬರ್ ಬದಲಾಯಿಸಿಬಿಡು” ಅಂದ.

“ನಾನ್ಯಾಕೆ ಬದಲಾಯಿಸ್ಲಿ? ಮಗಳ ಸ್ಕೂಲಲ್ಲಿ ಇದೇ ನಂಬರ್, ಡಿಪೋದಲ್ಲಿ ಇದೇ ನಂಬರ್. ಕದ್ದವನು ಆರಾಮಾಗಿರ್ತಾನೆ, ನಾನು ಮನೆ ಖಾಲಿ ಮಾಡ್ಬೇಕಾ?”

ಹತ್ತನೇ ಕ್ಲಾಸಿನಲ್ಲಿ ಓದುತ್ತಿದ್ದ ಮಗಳು ಪುಟದ ಮೂಲೆಯಲ್ಲಿದ್ದ ಗುಂಡಿ ಒತ್ತಿ ಆ ಜಾಲತಾಣದ ಕಂಪನಿಗೆ ದೂರು ಕೊಟ್ಟಳು. ಅತ್ತೆ ಮಾತ್ರ ತಮ್ಮದೇ ದಾರಿ ಹಿಡಿದರು. ಸೊಸೆ ಸ್ನಾನಕ್ಕೆ ಹೋದಾಗಲೆಲ್ಲ ಫೋನು ಎತ್ತಿಕೊಂಡು, “ಹಲೋ, ಯಾರು ಮಗಾ? ಊಟ ಆಯ್ತಾ? ನಿಮ್ಮಮ್ಮನ ನಂಬರ್ ಕೊಡು ನೋಡೋಣ, ಅವರ ಹತ್ರ ಸ್ವಲ್ಪ ಮಾತಾಡ್ಬೇಕು” ಎನ್ನುತ್ತಿದ್ದರು. ಇಂಥ ಹನ್ನೆರಡು ಜನ ಬಾಯಿ ಬಿಡದೆ ಫೋನು ಇಟ್ಟರಂತೆ. ಹದಿಮೂರನೆಯವನು ಅತ್ತುಬಿಟ್ಟನಂತೆ. ಅತ್ತೆ ಇದನ್ನು ಹೇಳಿ ನಗಿಸಿದರು. ಆದರೆ ಫೋನು ನಿಲ್ಲಲಿಲ್ಲ.

ಮೂರನೇ ದಿನ ಕಂಪನಿಯ ಉತ್ತರ ಬಂತು. ‘ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ. ನೀವು ತಿಳಿಸಿದ ಪುಟವನ್ನು ಪರಿಶೀಲಿಸಿದ್ದೇವೆ. ಅದು ನಮ್ಮ ನಿಯಮಗಳನ್ನು ಮೀರಿಲ್ಲ.’

“ಅಮ್ಮಾ, ಅಲ್ಲಿ ನಮ್ಮ ಭಾಷೆ ಓದೋರೇ ಇಲ್ಲ ಅನ್ಸತ್ತೆ” ಎಂದಳು ಮಗಳು.

“ಬೈಗುಳ ಅರ್ಥ ಆಗದವನ ಹತ್ರ ನ್ಯಾಯ ಕೇಳಿದ್ರೆ ಇನ್ನೇನು ಸಿಗತ್ತೆ?” ಎಂದರು ಅತ್ತೆ.

ರೈಟಕ್ಕ ರಜೆ ಹಾಕಿ ಪೊಲೀಸ್ ಸ್ಟೇಷನ್ನಿಗೆ ಹೋದಳು. ಅಲ್ಲಿನ ಸಬ್ ಇನ್‌ಸ್ಪೆಕ್ಟರು ಎಲ್ಲವನ್ನೂ ಕೇಳಿಸಿಕೊಂಡು, “ಕೃತ್ಯ ನಡೆದ ಸ್ಥಳ ಯಾವುದಮ್ಮಾ?” ಎಂದರು.

“ಸ್ಥಳ ಅಂದ್ರೆ? ಫೋನಿನಲ್ಲಿ ನಡೆದದ್ದು ಸಾರ್.”

“ಫೋನು ಎಲ್ಲಿತ್ತು? ನೀವು ಮೊದಲು ನೋಡಿದ್ದು ಎಲ್ಲಿ?”

“ಬಸ್ಸಲ್ಲಿ. ಬಸ್ಸು ಸೇತುವೆ ಮೇಲಿತ್ತು.”

ಸಬ್ ಇನ್‌ಸ್ಪೆಕ್ಟರು ಗೋಡೆಯ ನಕಾಶೆಯ ಮುಂದೆ ಹೋಗಿ ನಿಂತರು. ಸೇತುವೆಯ ಅರ್ಧದವರೆಗೆ ಅವರ ಸರಹದ್ದು, ಉಳಿದರ್ಧ ಆಚೆ ದಡದ ಸ್ಟೇಷನ್ನಿನದು. “ಅರ್ಧ ದಾಟಿತ್ತಾ, ಇನ್ನೂ ದಾಟಿರ್ಲಿಲ್ವಾ?” ಎಂದು ಕೇಳಿದರು. ಅವಳು ಮೊದಲು ಅದನ್ನು ತಮಾಷೆ ಎಂದುಕೊಂಡಳು. ತಮಾಷೆಯಾಗಿರಲಿಲ್ಲ. ಆಚೆ ದಡದವರು, ನಿಮ್ಮ ಮನೆ ಆ ಕಡೆಯಿದೆ, ಅವರೇ ತಗೋಬೇಕು ಎಂದರು. ಎರಡು ದಿನ ಎರಡು ದಡದ ನಡುವೆ ಅಲೆದ ಮೇಲೆ ಯಾರೋ ಒಬ್ಬರು, ಇದು ಸೈಬರ್ ವಿಷಯ, ಮುಖ್ಯ ಕಚೇರಿಯ ಎರಡನೇ ಮಹಡಿಗೆ ಹೋಗಿ ಎಂದು ಸಾಗಹಾಕಿದರು.

ಎರಡನೇ ಮಹಡಿಯಲ್ಲಿ ಒಂದು ಕೋಣೆ, ಪ್ಲಾಸ್ಟಿಕ್ ಹೊದಿಕೆಯ ಕಂಪ್ಯೂಟರು ಎರಡು, ಕೂರಲು ಬಾರದಷ್ಟು ಕಡತ ಹೊತ್ತ ಕುರ್ಚಿ ಮೂರು. ನಡುವೆ ಒಬ್ಬ ದಫೇದಾರರು, ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. ಅವರು ಕಡತ ಸರಿಸಿ ಕುರ್ಚಿ ಕೊಟ್ಟರು. ಆ ಮೂರು ದಿನದಲ್ಲಿ ಅವಳಿಗೆ ಸಿಕ್ಕ ಮೊದಲ ಕುರ್ಚಿ ಅದು.

“ನೋಡಿ ಅಮ್ಮಾ, ಸುಳ್ಳು ಹೇಳಲ್ಲ. ನಾನು ಪೊಲೀಸ್ ಬ್ಯಾಂಡಲ್ಲಿ ಹತ್ತೊಂಬತ್ತು ವರ್ಷ ಕ್ಲಾರಿನೆಟ್ ಊದಿದೋನು. ಬೆರಳು ಚುರುಕಾಗಿದೆ, ಟೈಪಿಂಗ್ ಕಲೀತಾನೆ ಅಂತ ಇಲ್ಲಿಗೆ ಹಾಕಿದ್ರು. ಎಂಟು ದಿನದ ಟ್ರೇನಿಂಗ್ ಆಗಿದೆ. ಆದ್ರೆ ನಿಮ್ಮ ದೂರು ತಗೋತೀನಿ.”

ಅವರು ತಗೊಂಡರು. ಹರಿದಾಡುವ ಬೆರಳಿನಲ್ಲಿ ಆರು ಪುಟ ಟೈಪು ಮಾಡಿದರು. ಪುಟದ ಪ್ರಿಂಟು ತನ್ನಿ ಎಂದರು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ತಂದಳು. ಆಗ ಅವರು ಒಂದು ಸುತ್ತೋಲೆ ಹುಡುಕಿ ತೆಗೆದು, ಪ್ರಿಂಟು ತೆಗೆದ ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಅದರ ಉಸ್ತುವಾರಿಯವರು ಬರೆದು ಸಹಿ ಮಾಡಬೇಕು, ಇಲ್ಲವಾದರೆ ಕೋರ್ಟಿನಲ್ಲಿ ಇದು ಬರೀ ಕಾಗದ ಎಂದರು. ಜೆರಾಕ್ಸ್ ಅಂಗಡಿಯವನು ಕೈ ಮುಗಿದ. “ಅಕ್ಕಾ, ಬೇಕಿದ್ರೆ ಇನ್ನೂ ಹತ್ತು ಪ್ರಿಂಟ್ ಸುಮ್ನೆ ಕೊಡ್ತೀನಿ. ಸಹಿ ಮಾತ್ರ ಕೇಳ್ಬೇಡಿ. ಕೋರ್ಟು ಕಟ್ಟೆ ನಮಗ್ಯಾಕೆ?” ಕೊನೆಗೆ ದಫೇದಾರರೇ ತಮ್ಮ ಕಂಪ್ಯೂಟರಿನ ಹೊದಿಕೆ ತೆಗೆದರು. ಪ್ರಿಂಟರಿಗೆ ಶಾಯಿ ಇರಲಿಲ್ಲ. ಶಾಯಿಗೆ ಬರೆದುಕೊಂಡರು. ಅದು ಬರಲು ಹದಿನೇಳು ದಿನ ಹಿಡಿಯಿತು.

ಅಷ್ಟರಲ್ಲಿ ಸರ್ಕಾರಿ ವಕೀಲೆಯ ಅಭಿಪ್ರಾಯ ಬೇಕೆಂದರು. ಕೋರ್ಟಿನ ಹಿಂಬದಿಯ ಚಿಕ್ಕ ಕೋಣೆಯಲ್ಲಿ ಕೂತಿದ್ದ ವಕೀಲೆ ಕೆಟ್ಟವರಲ್ಲ; ಊಟದ ಡಬ್ಬಿ ತೆರೆದಿಟ್ಟುಕೊಂಡೇ ಕಡತ ಓದುತ್ತಿದ್ದರು, ತಿನ್ನಲು ಪುರುಸೊತ್ತಿರಲಿಲ್ಲ.

“ಯಾವ ಕಲಂ ಹಾಕೋದು ಅನ್ನೋದೇ ಪ್ರಶ್ನೆ. ಅಶ್ಲೀಲ ಚಿತ್ರ ಅನ್ನೋಕಾಗಲ್ಲ. ಫೋಟೋದಲ್ಲಿ ನೀವು ಪೂರ್ತಿ ಯೂನಿಫಾರ್ಮಿನಲ್ಲಿದ್ದೀರಿ.”

“ಹಾಗಂದ್ರೆ, ಯೂನಿಫಾರ್ಮ್ ಇಲ್ದೇ ಇದ್ದಿದ್ರೆ ಅನುಕೂಲ ಆಗ್ತಿತ್ತಾ ಮೇಡಂ?”

ವಕೀಲೆ ತಲೆ ಎತ್ತಿ ನೋಡಿದರು. “ನಾನು ಹಾಗೆ ಹೇಳಲಿಲ್ಲ. ಕಾನೂನು ಹಾಗೆ ಹೇಳತ್ತೆ. ಬೇರೆಯವರ ವೇಷ ಹಾಕಿ ಮೋಸ ಮಾಡೋದಕ್ಕೆ ಒಂದು ಕಲಂ ಇದೆ. ಆದ್ರೆ ಅದಕ್ಕೆ ದುಡ್ಡೋ ಆಸ್ತಿಯೋ ಹೋಗಿರ್ಬೇಕು. ನಿಮ್ಮದು ಏನೂ ಹೋಗಿಲ್ಲ.”

“ಏನೂ ಹೋಗಿಲ್ವಾ?”

“ಕಾಗದದ ಪ್ರಕಾರ. ಇನ್ನು ಹೆಂಗಸಿನ ಮಾನಕ್ಕೆ ಕುಂದು ತರೋ ಮಾತು ಅಂತಿದೆ. ಅದನ್ನ ಎದುರಿಗೆ ಆಡಿರ್ಬೇಕು. ಪರದೆ ಮೇಲೆ ಬರೆದದ್ದು ಎದುರಿಗೆ ಆಡಿದ ಹಾಗಾ ಅಂತ ಒಂದು ಕೋರ್ಟು ಹೌದು ಅಂದಿದೆ, ಇನ್ನೊಂದು ಅಲ್ಲ ಅಂದಿದೆ. ಈ ಕಾನೂನು ಬರೆದಾಗ ಓಣಿಗೊಂದು ಫೋನೂ ಇರಲಿಲ್ಲಮ್ಮಾ. ಹೊಸ ಮಸೂದೆ ಬರ್ತಿದೆ. ಮೂರು ವರ್ಷದಿಂದ ಸಮಿತಿಯ ಮುಂದಿದೆ.”

“ಸಮಿತಿಯವರ ಫೋನ್ ನಂಬರ್ ಯಾರಾದ್ರೂ ಹಾಕಿದ್ರೆ ಬೇಗ ಬರತ್ತೋ ಏನೋ” ಎಂದಳು ರೈಟಕ್ಕ. ವಕೀಲೆಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಫೋನಿನಲ್ಲಿ ಕಿರುಕುಳ ಎಂಬ, ಎಲ್ಲಕ್ಕಿಂತ ಹಗುರಾದ ಕಲಂ ಹಾಕಿ ದೂರು ದಾಖಲಾಯಿತು. ಆದರೆ ಆ ಕಲಮಿನ ಪ್ರಕಾರ ಕಿರುಕುಳ ಕೊಟ್ಟವನು ಪುಟ ಮಾಡಿದವನಲ್ಲ, ಫೋನು ಮಾಡಿದವರು. ಆ ಹೊತ್ತಿಗೆ ಅವರು ನಾನೂರು ಜನ ದಾಟಿದ್ದರು. ಅಷ್ಟೂ ನಂಬರನ್ನು ಅವಳು ಮಗಳ ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟಳು.

ಬಸ್ಸಿನಲ್ಲಿ ಬೇರೆಯೇ ಶುರುವಾಗಿತ್ತು. ಎಲ್ಲಿಗೂ ಹೋಗದವರು ಹನ್ನೊಂದನೇ ನಂಬರು ಹತ್ತತೊಡಗಿದರು, ಅವಳನ್ನು ನೋಡಲು. ನಾನೂ ಕಂಡಿದ್ದೇನೆ, ಕಂಡೂ ಕಿಟಕಿಯ ಕಡೆ ತಿರುಗಿ ಕೂತಿದ್ದೇನೆ. ಇವತ್ತು ಅದನ್ನು ಒಪ್ಪಿಕೊಳ್ಳಬೇಕು. ಒಂದು ದಿನ ಇಸ್ತ್ರಿ ಅಂಗಿಯ ಗಂಡಸೊಬ್ಬ ಫೋನು ಎತ್ತಿ ಹಿಡಿದು ಚಿತ್ರೀಕರಿಸುತ್ತಾ, “ಎಷ್ಟು?” ಅಂದ.

“ಎಲ್ಲಿಗೆ?” ಎಂದಳು.

“ಟಿಕೆಟ್ಟಲ್ಲ, ನಿಮ್ಮದು ಕೇಳಿದೆ.”

ಅವಳು ಗಂಟೆ ಹೊಡೆದು ಬಸ್ಸು ನಿಲ್ಲಿಸಿದಳು. ಅವನ ಕಾಲರು ಹಿಡಿದು ಬಾಗಿಲವರೆಗೆ ಎಳೆದುಕೊಂಡು ಹೋಗಿ, ಕೆನ್ನೆಗೊಂದು ಬಿಗಿದು ಇಳಿಸಿದಳು. ಬಸ್ಸಿನಲ್ಲಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ನೇರವಾಗಿ ಸ್ಟೇಷನ್ನಿಗೆ ಹೋದ. ಬಸ್ಸು ಎಲ್ಲಿತ್ತು, ಯಾರ ಸರಹದ್ದು ಎಂದು ಅವನನ್ನು ಯಾರೂ ಕೇಳಲಿಲ್ಲ. ಒಂದೇ ಗಂಟೆಯಲ್ಲಿ ಮೂರು ಕಲಮಿನ ದೂರು ದಾಖಲಾಯಿತು. ಮಾರನೇ ಬೆಳಿಗ್ಗೆ ಡಿಪೋದಿಂದ ನೋಟಿಸು ಬಂತು: ಪ್ರಯಾಣಿಕರ ಮೇಲೆ ಕೈ ಮಾಡಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು?

“ನಿನ್ನ ಒಳ್ಳೇದಕ್ಕೇ ಹೇಳ್ತೀನಮ್ಮ, ಸ್ವಲ್ಪ ದಿನ ಒಳಗಿರು” ಎಂದು ಡಿಪೋ ಮ್ಯಾನೇಜರು ಅವಳನ್ನು ಪಾಸ್ ಕೊಡುವ ಕೌಂಟರಿಗೆ ಹಾಕಿದರು. ಕೈ ತೂರುವಷ್ಟು ತೂತಿರುವ ಗಾಜಿನ ಹಿಂದೆ, ಎರಡು ಮೊಳದ ಕೋಣೆ. ಒಮ್ಮೆ ಪಾಸಿಗೆ ಹೋಗಿದ್ದ ನಾನು ಅವಳನ್ನು ಗುರುತಿಸಲೇ ಇಲ್ಲ. ದನಿ ಅಷ್ಟು ತಗ್ಗಿತ್ತು. “ಇಲ್ಲಿ ಯಾರ ಮೇಲೆ ಕೂಗ್ಲಿ ಹೇಳಿ?” ಎಂದಳು. ಹೀಗೆ ಪಾಸು ಬರೆಯುತ್ತಾ ಅವಳು ಹೇಳಿದ್ದೇ ಈ ಕಥೆಯ ಬಹುಪಾಲು.

ದಫೇದಾರರು ಸುಮ್ಮನಿರಲಿಲ್ಲ. ಪುಟ ಮಾಡಿದವರ ವಿವರ ಕೊಡಿ ಎಂದು ಕಂಪನಿಗೆ ಬರೆದರು. ‘ನಿಮ್ಮ ದೇಶದ ಸೂಕ್ತ ಪ್ರಾಧಿಕಾರದ ಮೂಲಕ ನಮ್ಮ ದೇಶದ ಸೂಕ್ತ ಪ್ರಾಧಿಕಾರಕ್ಕೆ ಬರೆಯಿರಿ’ ಎಂದು ಉತ್ತರ ಬಂತು. ಅವರು ಇಲಾಖೆಗೆ ಬರೆದರು, ಇಲಾಖೆ ಒಂದು ಮಂತ್ರಾಲಯಕ್ಕೆ, ಆ ಮಂತ್ರಾಲಯ ಇನ್ನೊಂದಕ್ಕೆ. ಎರಡು ತಿಂಗಳ ಮೇಲೆ, ಮೂರು ಪ್ರತಿಯಲ್ಲಿ ಕಳಿಸಿಲ್ಲ ಎಂದು ಕಾಗದ ವಾಪಸಾಯಿತು. ಮೂರು ಪ್ರತಿ ಹೋಯಿತು. ಐದನೇ ತಿಂಗಳು ಹೊರದೇಶದಿಂದ ಎರಡು ಸಾಲು ಬಂದವು: ಅಂಥ ವಿವರಗಳನ್ನು ತೊಂಬತ್ತು ದಿನ ಮಾತ್ರ ಇಟ್ಟುಕೊಳ್ಳುತ್ತೇವೆ, ಅವಧಿ ಮೀರಿದೆ.

ದಫೇದಾರರು ಅದನ್ನು ಅವಳಿಗೆ ಓದಿ ಹೇಳಿ ಕನ್ನಡಕ ತೆಗೆದರು. “ನಮ್ಮ ಕಾಗದ ಎತ್ತಿನ ಗಾಡಿಯಲ್ಲಿ ಹೋಗತ್ತೆ ಅಮ್ಮಾ. ಅವನು ಕಣ್ಣು ಮುಚ್ಚಿ ಬಿಡೋದ್ರಲ್ಲಿ ದೇಶ ದಾಟ್ತಾನೆ.”

“ಹಾಗಾದ್ರೆ ನಾನು ಏನು ಮಾಡ್ಲಿ ಸಾರ್? ಹೇಳಿ. ನಾಲ್ಕು ತಿಂಗಳಿಂದ ಕೌಂಟರಲ್ಲಿ ಕೂತಿದ್ದೀನಿ. ಮಗಳನ್ನ ಸ್ಕೂಲಲ್ಲಿ ಆಡಿಕೊಳ್ತಾರೆ, ಅವಳು ನನಗೆ ಹೇಳಲ್ಲ, ಅಜ್ಜಿಗೆ ಹೇಳ್ತಾಳೆ. ಆ ಪುಟ ಇವತ್ತಿಗೂ ಹಾಗೇ ಇದೆ. ನೀವು ಒಳ್ಳೆಯವರು, ವಕೀಲರು ಒಳ್ಳೆಯವರು, ಎಲ್ಲರೂ ಒಳ್ಳೆಯವರೇ. ಮತ್ತೆ ಯಾಕೆ ಏನೂ ಆಗ್ತಿಲ್ಲ?”

ದಫೇದಾರರು ಕಡತವನ್ನು ಮತ್ತೆ ಮೊದಲಿನಿಂದ ತಿರುವಿದರಂತೆ. ಅವರು ತೋರಿಸಿದ ದಾರಿ ಒಂದೇ. ಆ ಪುಟದ ‘ಪಾಸ್‌ವರ್ಡ್ ಮರೆತಿರಾ’ ಎಂಬಲ್ಲಿ ಒತ್ತಿದರೆ, ಪುಟ ಮಾಡಿದವನು ಗುರುತಿಗೆಂದು ಕೊಟ್ಟ ಫೋನ್ ನಂಬರಿನ ಕೊನೆಯ ಮೂರು ಅಂಕಿ ಕಾಣುತ್ತಿತ್ತು. ಆ ಮಂಗಳವಾರದ ಮೊದಲ ಕರೆ, “ಫ್ರೀ ಇದ್ದೀರಾ” ಎಂದವನದು, ಅದೇ ಅಂಕಿಯ ನಂಬರಿನಿಂದ ಬಂದಿತ್ತು. ಪುಟ ಮಾಡಿದವನೇ ಅವಳ ನಂಬರು ಸರಿಯಿದೆಯೇ ಎಂದು ಪರೀಕ್ಷಿಸಿ ನೋಡಿರಬೇಕು ಎಂಬುದು ದಫೇದಾರರ ಊಹೆ. ಆ ಸಿಮ್ಮು ಯಾರ ಹೆಸರಿನಲ್ಲಿದೆ ಎಂದು ನಮ್ಮ ದೇಶದ ಕಂಪನಿಯೇ ಹೇಳಬಲ್ಲದು. ಬರೆದರು. ಇನ್ನೆರಡು ತಿಂಗಳಿಗೆ ಹೆಸರು, ವಿಳಾಸ, ಒಂದು ಗುರುತಿನ ಚೀಟಿಯ ಮಸುಕು ನಕಲು ಬಂತು. ಹೆಂಗಸಿನ ಹೆಸರು. ಆರು ಗಂಟೆ ಪ್ರಯಾಣದ ದೂರದ ಊರು. ಅಲ್ಲಿಗೆ ಕೇಸು ವರ್ಗವಾಯಿತು. ಬಂದು ಹೇಳಿಕೆ ಕೊಡಿ ಎಂದು ಅಲ್ಲಿನ ಸ್ಟೇಷನ್ನಿನಿಂದ ಕರೆ ಬಂತು.

“ಹೆಂಗಸಾ?” ಎಂದರು ಅತ್ತೆ. “ನಾನೂ ಬರ್ತೀನಿ.”

ಅತ್ತೆ-ಸೊಸೆ ಬೆಳಗಿನ ಬಸ್ಸು ಹಿಡಿದರು. ಅಷ್ಟು ದೂರ ರೈಟಕ್ಕ ಟಿಕೆಟು ಕೊಂಡು ಕೂತು ಹೋದದ್ದು ಅಪರೂಪ. ಕೈಯಲ್ಲಿ ಏನೂ ಇಲ್ಲದೆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲವಂತೆ. ಅತ್ತೆ ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಳ್ಳುತ್ತಿದ್ದರು. “ಇದು ಸಾಕಾ, ಇನ್ನೂ ಖಾರ ಬೇಕಾ?” ಎಂದು ಸೊಸೆಯನ್ನು ಕೇಳುತ್ತಿದ್ದರು. ಏಳು ತಿಂಗಳು ಅವಳು ಆ ಕಳ್ಳನಿಗೆ ಒಂದೊಂದು ದಿನ ಒಂದೊಂದು ಮುಖ ಕೊಟ್ಟಿದ್ದಳು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನೋ, ಡಿಪೋದಲ್ಲಿ ಅವಳ ಬಾಯಿಗೆ ಹೆದರುವವನೋ, ಬಡ್ತಿ ತಪ್ಪಿದವನೋ. ಹೆಂಗಸಿನ ಮುಖ ಮಾತ್ರ ಯಾವತ್ತೂ ಕೊಟ್ಟಿರಲಿಲ್ಲ.

ಸ್ಟೇಷನ್ನಿನ ವರಾಂಡದ ಬೆಂಚಿನ ತುದಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ತೆಳ್ಳಗಿನ ಜೀವ. ಬೆರಳುಗಳೆಲ್ಲ ನೀರಲ್ಲಿ ನೆನೆದು ಬೆಳ್ಳಗಾಗಿ, ತುದಿ ಸವೆದು ನುಣ್ಣಗಾಗಿದ್ದವು. ಅತ್ತೆ ಅವರ ಪಕ್ಕದಲ್ಲೇ ಕೂತು, ಬಾಟಲಿಯಿಂದ ನೀರು ಕುಡಿದು, ಅವರಿಗೂ ಕೊಟ್ಟರು.

“ನೀವು ಯಾಕೆ ಬಂದಿದ್ದೀರಮ್ಮಾ?” ಎಂದು ಕೇಳಿದರು.

“ಗೊತ್ತಿಲ್ಲ ತಾಯಿ. ಮೂರು ದಿನದಿಂದ ಬಾ ಅಂತಾರೆ, ಕೂತ್ಕೋ ಅಂತಾರೆ. ಯಾರೋ ಬಸ್ಸಿನ ಅಮ್ಮನಿಗೆ ನಾನು ಏನೋ ಮಾಡಿದ್ದೀನಂತೆ. ಹಾಸ್ಟೆಲಲ್ಲಿ ಪಾತ್ರೆ ತೊಳೆಯೋಳು ನಾನು. ನನ್ನ ಹತ್ರ ಫೋನೇ ಇಲ್ಲ.”

ಅತ್ತೆ ಸೊಸೆಯ ಮುಖ ನೋಡಿದರು. ಆರು ಗಂಟೆ ಹೊಂದಿಸಿಕೊಂಡು ಬಂದ ಬೈಗುಳದಲ್ಲಿ ಒಂದೂ ಹೊರಗೆ ಬರಲಿಲ್ಲ.

ಒಳಗಿದ್ದ ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು, ದಣಿದಿದ್ದರು. ವಿಷಯ ಅವರಿಗೂ ಗೊತ್ತಿತ್ತು. ಪಿಂಚಣಿಯ ಅರ್ಜಿಗೆಂದು ಆ ಹೆಂಗಸು ಗುರುತಿನ ಚೀಟಿಯ ನಕಲನ್ನು ಎಲ್ಲೆಲ್ಲೋ ಕೊಟ್ಟಿದ್ದರು. ಅದರಲ್ಲೊಂದು ಸಿಮ್ಮು ಮಾರುವ ಅಂಗಡಿಗೆ ತಲುಪಿತ್ತು. ಅವರ ಹೆಸರಿನಲ್ಲಿ ಮೂವತ್ತೊಂದು ಸಿಮ್ಮುಗಳಿದ್ದವು. ಅಂಗಡಿ ಮುಚ್ಚಿ ವರ್ಷವಾಗಿತ್ತು. ಮಾಲೀಕ ಎಲ್ಲಿದ್ದಾನೋ ತಿಳಿಯದು.

“ಗೊತ್ತಿದ್ದೂ ಅವರನ್ನ ಯಾಕೆ ಕೂರ್ಸಿದ್ದೀರಿ ಸಾರ್?”

“ಸಿಮ್ಮು ಯಾರ ಹೆಸರಿನಲ್ಲಿದೆಯೋ ಅವರೇ ಜವಾಬ್ದಾರಿ ಅನ್ನತ್ತೆ ನಿಯಮ. ನಾನಲ್ಲ ಅಂತ ಅವರೇ ಸಾಬೀತು ಮಾಡ್ಬೇಕು. ನೀವು ಇವರ ಮೇಲೇ ಅನುಮಾನ ಅಂತ ಹೇಳಿಕೆ ಕೊಟ್ರೆ ಆರೋಪಪಟ್ಟಿ ಹಾಕ್ತೀನಿ, ಕೇಸು ಕೋರ್ಟಿಗೆ ಹೋಗತ್ತೆ. ಮೇಲಿನವರು ಎಷ್ಟು ಕೇಸು ವಿಲೇವಾರಿ ಆಯ್ತು ಅಂತ ಪ್ರತಿ ತಿಂಗಳು ಕೇಳ್ತಾರೆ. ಇವರಲ್ಲ ಅಂತ ಬರೆದುಕೊಟ್ರೆ ನಿಮ್ಮ ಕೇಸಿಗೆ ಆರೋಪಿಯೇ ಇರಲ್ಲ. ಪತ್ತೆಯಾಗಿಲ್ಲ ಅಂತ ಮುಚ್ಚಬೇಕಾಗತ್ತೆ. ಯೋಚ್ನೆ ಮಾಡಿ.”

ರೈಟಕ್ಕ ವರಾಂಡಕ್ಕೆ ಬಂದಳು. ಕೋಪ ನೆತ್ತಿಗೇರಿತ್ತು. ಯಾರ ಮೇಲೆ ಎಂದರೆ ಹೇಳಲಾಗುತ್ತಿರಲಿಲ್ಲ. ಏಳು ತಿಂಗಳ ಅಲೆದಾಟಕ್ಕೆ ಕಾನೂನು ಹುಡುಕಿ ಕೊಟ್ಟಿದ್ದು ಇಷ್ಟು: ಬೆಂಚಿನ ಮೇಲೆ ಒಬ್ಬ ಪಾತ್ರೆ ತೊಳೆಯುವ ಮುದುಕಿ. ಬೇಡ ಎಂದರೆ ಅದೂ ಇಲ್ಲ. ಒಂದು ಗಳಿಗೆ, ಕೋರ್ಟಿಗಾದರೂ ಹೋಗಲಿ, ಅಲ್ಲಿ ಜಡ್ಜಿಗೆ ಗೊತ್ತಾಗುತ್ತದೆ, ಹೇಗಾದರೂ ಕೇಸು ಬದುಕಿರಲಿ ಎಂದು ಮನಸ್ಸಿಗೆ ಬಂದದ್ದು ನಿಜ ಎಂದು ಅವಳು ನನಗೆ ಮುಚ್ಚುಮರೆಯಿಲ್ಲದೆ ಹೇಳಿದಳು.

ಅಷ್ಟರಲ್ಲಿ ಆ ಹೆಂಗಸು ಅತ್ತೆಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. “ಪಿಂಚಣಿ ಮಿಷನ್ನು ನನ್ನ ಬೆರಳು ಹಿಡಿಯಲ್ಲ ತಾಯಿ. ಗೆರೆಯೆಲ್ಲ ಸವೆದುಹೋಗಿದೆ. ನೀನು ನೀನಲ್ಲ ಅಂತ ಅಲ್ಲಿಂದ ವಾಪಸ್ ಕಳಿಸ್ತಾರೆ. ಇಲ್ಲಿ ನೋಡಿದ್ರೆ ನೀನೇ ಅಂತ ಕೂರ್ಸಿದ್ದಾರೆ.”

ರೈಟಕ್ಕ ಒಳಗೆ ಹೋದಳು. ಕಾಗದ ಕೇಳಿ, ಸ್ವಂತ ಅಕ್ಷರದಲ್ಲಿ, ಈ ಹೆಂಗಸು ನನಗೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ, ಇವರ ಚೀಟಿಯನ್ನು ಯಾರೋ ಕದ್ದಿದ್ದಾರೆ, ನನ್ನ ಮುಖವನ್ನು ಕದ್ದ ಹಾಗೆ, ಎಂದು ಬರೆದಳು. ಕೊನೆಯ ಮಾತು ಬೇಡಮ್ಮ, ಹೇಳಿಕೆಯಲ್ಲಿ ಅಂಥದ್ದೆಲ್ಲ ಬರೆಯಬಾರದು ಎಂದರು ಇನ್‌ಸ್ಪೆಕ್ಟರು. “ಇರ್ಲಿ ಬಿಡಿ ಸಾರ್. ನಿಮ್ಮ ಕಾನೂನಲ್ಲಿ ಜಾಗ ಇಲ್ದೇ ಇರೋದು ಒಂದಾದ್ರೂ ಇದರಲ್ಲಿರ್ಲಿ” ಎಂದು ಸಹಿ ಹಾಕಿದಳು. ನಕಲು ಮಾಡಿಸಿ ಒಂದನ್ನು ಆ ಹೆಂಗಸಿನ ಕೈಗೆ ಕೊಟ್ಟಳು. ಉಳಿದ ಮೂವತ್ತು ಸಿಮ್ಮಿನಲ್ಲಿ ಯಾರು ಯಾರಿಗೆ ಏನು ಮಾಡುತ್ತಿದ್ದಾರೋ. ಅವರಿಗೆ ಇನ್ನು ಯಾವ ಸ್ಟೇಷನ್ನಿನಿಂದ ಕರೆ ಬರುತ್ತದೋ.

ಆ ಹೆಂಗಸು ಕಾಗದವನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು, “ನಿಮ್ಮದು ಸಿಕ್ತಾ ತಾಯಿ?” ಎಂದು ಕೇಳಿದರು.

“ಇಲ್ಲಮ್ಮಾ. ನೀವು ಮನೆಗೆ ಹೋಗಿ.”

ವಾಪಸು ಬರುವಾಗ ಅತ್ತೆ ಕಿಟಕಿಯ ಕಡೆ ಕೂತು, “ಒಳ್ಳೇದು ಮಾಡಿದೆ” ಎಂದರು. ರೈಟಕ್ಕನಿಗೆ ಅದು ಸಮಾಧಾನವಾಗಲಿಲ್ಲ. “ಒಳ್ಳೇದು ಮಾಡಿ ಮಾಡೀನೇ ಅಲ್ವಾ ಅತ್ತೆ ಇಲ್ಲಿಗೆ ಬಂದಿದ್ದು?” ಎಂದಳು. ಬಸ್ಸಿನಲ್ಲಿ ಜನ ತಿರುಗಿ ನೋಡುವಷ್ಟು ಜೋರಾಗಿ ಅತ್ತಳು. ಅತ್ತೆ ತಡೆಯಲಿಲ್ಲ.

ಎರಡು ತಿಂಗಳಿಗೆ, ಆರೋಪಿ ಪತ್ತೆಯಾಗದ ಕಾರಣ ಕೇಸು ಮುಕ್ತಾಯಗೊಳಿಸಲಾಗಿದೆ ಎಂಬ ಅಚ್ಚಿನ ಕಾಗದ ಅಂಚೆಯಲ್ಲಿ ಬಂತು. ಅದಾಗಿ ಸ್ವಲ್ಪ ದಿನಕ್ಕೆ ಆ ಪುಟ ತಾನಾಗಿಯೇ ಮಾಯವಾಯಿತು. ಕಂಪನಿ ತೆಗೆಯಿತೋ, ಮಾಡಿದವನಿಗೆ ಬೇಸರ ಬಂತೋ, ಯಾರೂ ಹೇಳಲಿಲ್ಲ. ಯಾಕೆ ಬಂತು ಎಂದು ತಿಳಿಯದ ಹಾಗೆ ಯಾಕೆ ಹೋಯಿತು ಎಂದೂ ತಿಳಿಯಲಿಲ್ಲ. ಮಗಳು ವಾರಕ್ಕೊಮ್ಮೆ ಹುಡುಕಿ ನೋಡುವುದನ್ನು ಇನ್ನೂ ಬಿಟ್ಟಿಲ್ಲ. ಕರೆಗಳು ಕಡಿಮೆಯಾದವು, ನಿಲ್ಲಲಿಲ್ಲ. ನಂಬರು ಯಾರ ಯಾರ ಫೋನಿನಲ್ಲೋ ಉಳಿದುಕೊಂಡಿದೆ.

ಕೆನ್ನೆಗೆ ಹೊಡೆದದ್ದಕ್ಕೆ ಡಿಪೋದಲ್ಲಿ ನಡೆದ ವಿಚಾರಣೆಯಲ್ಲಿ ಡ್ರೈವರಣ್ಣನೂ ನರ್ಸಿಂಗ್ ಹುಡುಗಿಯೂ ಸಾಕ್ಷಿ ಹೇಳಿದರು. ನಾನೂ ಹೋಗಿ ಹೇಳಿದೆ, ತಡವಾಗಿಯಾದರೂ. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದು ಅವಳನ್ನು ಬಸ್ಸಿಗೆ ವಾಪಸು ಕಳಿಸಿದರು; ಅವನು ಕೊಟ್ಟ ಪೊಲೀಸ್ ಕೇಸು ಇನ್ನೂ ನಡೆಯುತ್ತಿದೆ.

ಎಲ್ಲರೂ, ಇನ್ನು ಬಿಟ್ಟುಬಿಡು ಎಂದರು. ಗಂಡ ಮಾತ್ರ ಈ ಸಲ ಹಾಗೆನ್ನಲಿಲ್ಲ. “ಸುಟ್ಟ ಮೋಟಾರು ಅಂತ ಎಸೆದ್ರೆ ನನ್ನ ಕೆಲಸವೇ ಇರಲ್ಲ. ಬಿಚ್ಚಿ ನೋಡ್ಬೇಕು” ಎಂದು ಕೋರ್ಟಿನ ಅರ್ಜಿ ಬರೆಯುವವನ ಹತ್ತಿರ ತಾನೇ ಕರೆದುಕೊಂಡು ಹೋದ. ಕೇಸು ಮುಚ್ಚಿದ್ದಕ್ಕೆ ಅವಳು ತಕರಾರು ಅರ್ಜಿ ಹಾಕಿದಳು. ಸಿಮ್ಮು ಮಾರಿದ ಅಂಗಡಿಯವನನ್ನು ಯಾಕೆ ಹುಡುಕಲಿಲ್ಲ? ಕಾಗದ ವಾಪಸು ಬಂದ ಎರಡು ತಿಂಗಳಿಗೆ ಯಾರು ಹೊಣೆ? ಪಾತ್ರೆ ತೊಳೆಯುವವರ ಹೆಸರಿನಲ್ಲಿರುವ ಮೂವತ್ತೊಂದು ಸಿಮ್ಮು ಇವತ್ತಿಗೂ ಯಾಕೆ ಚಾಲ್ತಿಯಲ್ಲಿವೆ? ಅರ್ಜಿ ಬರೆಯುವವನು ಎಷ್ಟು ಹೇಳಿದರೂ ಈ ಮೂರನೆಯದನ್ನು ಅವಳು ತೆಗೆಯಗೊಡಲಿಲ್ಲ.

ಮೊನ್ನೆ ಅದರ ವಿಚಾರಣೆಯಿತ್ತು. ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂತಳು. ಅವಳ ಸರದಿ ಹನ್ನೆರಡೂವರೆಗೆ ಬಂತು. ಜಡ್ಜರು ಎರಡು ನಿಮಿಷ ಓದಿ, ಅಂಗಡಿಯವನ ಬಗ್ಗೆ ಪೊಲೀಸರು ವರದಿ ಕೊಡಲಿ ಎಂದು ನಾಲ್ಕು ತಿಂಗಳ ಮುಂದಿನ ತಾರೀಖು ಹೇಳಿದರು. ಗೆದ್ದಂತೆಯೋ ಸೋತಂತೆಯೋ ಎಂದು ಕೇಳಿದರೆ, ಅರ್ಜಿ ನಡೆಸಲು ಹಿಡಿದಿದ್ದ ವಕೀಲ, “ಇನ್ನೂ ಇದೆ ಅಂತ ಅರ್ಥ” ಎಂದನಂತೆ. ಕೋರ್ಟಿನ ಹೆಂಗಸರ ಕೋಣೆಯಲ್ಲಿ ಯೂನಿಫಾರ್ಮು ಹಾಕಿಕೊಂಡು, ಓಡುತ್ತಾ ಬಂದು ಡಿಪೋ ಸೇರಿದಳು. ಮಧ್ಯಾಹ್ನದ ಪಾಳಿಗೆ ಹದಿನೈದು ನಿಮಿಷ ತಡವಾಗಿತ್ತು. ಅದನ್ನು ಡಿಪೋದವರು ಆಗಲೇ ಬರೆದುಕೊಂಡಿದ್ದರು.